ಸೋಫಾದ ಎಲ್ಲ ಸೀಟಿಗೂ ಒಂದೇ ಬೇಸ್

ಮಂಗಳೂರಿನ ಕುಲಶೇಖರದಲ್ಲಿರುವ ನಮ್ಮ ಮನೆಯ ಹಾಲ್ 28 ಅಡಿ ಉದ್ದ, 17 ಅಡಿ ಅಗಲ. ಎತ್ತರ ಹತ್ತೂವರೆ ಅಡಿ. ಗೋಡೆ ಕೆಂಪುಕಲ್ಲಿನದು, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಕೆಳಗೆ ಟೈಲ್ಸ್. ಹಿಂದುಗಡೆ ಪೂರ್ತಿ ಗೋಡೆ ಇಲ್ಲ. ಎಡಕ್ಕೆ ಮೆಟ್ಟಿಲು, ಬಲಕ್ಕೆ ಊಟದ ಜಾಗ, ಹಾಗೇ ತೆರೆದುಕೊಂಡಿದೆ. ಹೋಮ್ ಥಿಯೇಟರ್ ಪ್ಯಾಕೇಜಿನ ಜೊತೆ ಬಂದಿದ್ದ 10 ಇಂಚಿನ ಸಬ್‌ವೂಫರ್ (ಬೇಸ್, ಅಂದರೆ ತೀರಾ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್ ಡಬ್ಬಿ; ಮುಂದೆ ಬರೀ ಸಬ್) ಟಿವಿಯ ಬಲಗಡೆ ಮೂಲೆಯಲ್ಲಿ ಕೂತು ವರ್ಷಗಟ್ಟಲೆ ದುಡಿಯಿತು. ಸೋಫಾದ ಬಲತುದಿಯಲ್ಲಿ ಕೂತವರಿಗೆ ಗುಂಯ್ ಅಂತ ತಲೆ ತುಂಬುವಷ್ಟು ಬೇಸ್. ನಡುವೆ ಕೂತ ನನಗೆ ಅದರ ಅರ್ಧವೂ ಇಲ್ಲ. ನಾನು ಜಾಸ್ತಿ ಮಾಡಿದರೆ ಹೆಂಡತಿ ಕಡಿಮೆ ಮಾಡುತ್ತಾಳೆ. ಇಬ್ಬರದ್ದೂ ತಪ್ಪಲ್ಲ.

ಬದಲಾಯಿಸುವ ಮಾತು ಬಂದಾಗ ಬಾವ ಹೇಳಿದ್ದು ಇಷ್ಟು: "15 ಇಂಚಿಂದು ಒಂದು ತಂದು ಇಡು ಮಾರಾಯ, ಮತ್ತೆ ಎಂತ ಉಂಟು ಅದ್ರಲ್ಲಿ?" ಬಾವನಿಗೆ ಮದುವೆ, ಜಾತ್ರೆಗಳ ಸೌಂಡ್ಸ್ ಕೆಲಸದ ಪರಿಚಯ ಚೆನ್ನಾಗಿದೆ. ಬಯಲಿನಲ್ಲಿ ಅವರು ಹೇಳಿದ್ದೇ ಸರಿ. ಅಲ್ಲಿ ಗೋಡೆ ಇಲ್ಲ, ದೊಡ್ಡ ಡಬ್ಬಿ ಇಟ್ಟರೆ ದೊಡ್ಡ ಸದ್ದು. ಮನೆಯೊಳಗೆ ಲೆಕ್ಕ ಬೇರೆ. 40 ಹರ್ಟ್ಜ್‌ನ (ಸೆಕೆಂಡಿಗೆ 40 ಕಂಪನದ) ಒಂದು ಅಲೆಯ ಉದ್ದ ಸುಮಾರು 28 ಅಡಿ, ಅಂದರೆ ನಮ್ಮ ಹಾಲ್‌ನಷ್ಟೇ. ಅದು ಗೋಡೆಗೆ ಬಡಿದು ವಾಪಸ್ ಬಂದು ತನ್ನ ಮೇಲೇ ಕೂತಾಗ ಕೆಲವು ಕಡೆ ಸದ್ದು ಉಬ್ಬುತ್ತದೆ, ಕೆಲವು ಕಡೆ ಕುಸಿಯುತ್ತದೆ. ನಾನು ಓದಿದ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದ ಮನೆಗಳವರದ್ದು. ಅಲ್ಲಿನ ಮರದ ಚೌಕಟ್ಟಿನ, ಜಿಪ್ಸಮ್ ಹಲಗೆಯ ಗೋಡೆ ಬೇಸ್‌ಗೆ ಸ್ವಲ್ಪ ಬಾಗುತ್ತದೆ, ಒಂದಿಷ್ಟು ಹೀರಿಕೊಳ್ಳುತ್ತದೆ, ಒಂದಿಷ್ಟನ್ನು ಹೊರಗೆ ಬಿಡುತ್ತದೆ. ನಮ್ಮ ಕೆಂಪುಕಲ್ಲು ಅಲುಗುವುದಿಲ್ಲ. ಹೋದದ್ದನ್ನು ಹಾಗೇ ತಿರುಗಿಸಿ ಕಳಿಸುತ್ತದೆ. ಹಾಗಾಗಿ ಉಬ್ಬು ತಗ್ಗು ಎರಡೂ ನಮ್ಮಲ್ಲಿ ಜೋರು.

ಲೆಕ್ಕ ಕಷ್ಟದ್ದೇನಲ್ಲ. ನಮ್ಮ ಊರಿನ 30 ಡಿಗ್ರಿ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. ಕೋಣೆಯ ಉದ್ದವನ್ನು ಮೀಟರಿನಲ್ಲಿ ಹಾಕಿ, ಅದರ ಎರಡರಷ್ಟರಿಂದ 349ನ್ನು ಭಾಗಿಸಿದರೆ ಮೊದಲ ಅನುರಣನ, ಅಂದರೆ ಕೋಣೆ ತಾನಾಗಿ ಉಬ್ಬಿಸುವ ಸ್ವರ, ಸಿಗುತ್ತದೆ. ನಮ್ಮ ಅಗಲಕ್ಕೆ ಬಂದದ್ದು 34 ಹರ್ಟ್ಜ್. ಉದ್ದಕ್ಕೆ 20, ಅದರ ದುಪ್ಪಟ್ಟು 41. ಅಗಲದ 34 ಎರಡೂ ಗೋಡೆಗಳ ಹತ್ತಿರ ಉಬ್ಬಿ, ಸರಿ ನಡುವೆ ಇಲ್ಲವಾಗುತ್ತದೆ. ನಾನು ಕೂರುವುದು ಸರಿ ನಡುವೆ. 15 ಇಂಚಿನದನ್ನು ಅದೇ ಮೂಲೆಗೆ ತಂದಿಟ್ಟರೆ ಬಲತುದಿಯ ಗುಂಯ್ ಇನ್ನೂ ಜಾಸ್ತಿ ಆಗುತ್ತಿತ್ತು, ನಡುವಿನ ತಗ್ಗು ತಗ್ಗಾಗಿಯೇ ಉಳಿಯುತ್ತಿತ್ತು.

ಆದ್ದರಿಂದ 12 ಇಂಚಿನದ್ದು ಎರಡು ತೆಗೆದುಕೊಂಡೆ. ಕೋನ್‌ನ (ಗಾಳಿ ತಳ್ಳುವ ತಟ್ಟೆಯ) ವಿಸ್ತೀರ್ಣ ನೋಡಿದರೂ ಎರಡು 12 ಸೇರಿ ಒಂದು 15ಕ್ಕಿಂತ ಕಾಲು ಭಾಗಕ್ಕೂ ಜಾಸ್ತಿಯೇ ಆಗುತ್ತದೆ. ಪೋರ್ಟೆಡ್ (ಗಾಳಿ ಹೋಗುವ ತೂತು ಇರುವ ಡಬ್ಬಿ) ಬೇಕೋ ಸೀಲ್ಡ್ (ಪೂರ್ತಿ ಮುಚ್ಚಿದ ಡಬ್ಬಿ) ಬೇಕೋ ಅನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಚಿಕ್ಕ, ಬಾಗಿಲು ಮುಚ್ಚಿದ ಕೋಣೆಯಾದರೆ ತೀರಾ ಕೆಳಗಿನ ಸ್ವರಗಳಿಗೆ ಕೋಣೆಯೇ ಬಲ ಕೊಡುತ್ತದೆ, ಅಲ್ಲಿ ಸೀಲ್ಡ್ ಚೆನ್ನ. ಮೆಟ್ಟಿಲವರೆಗೆ ತೆರೆದ ಹಾಲ್‌ನಲ್ಲಿ ಆ ಬಲ ಸಿಗುವುದಿಲ್ಲ. ಅದೇ ಜೋರಿನಲ್ಲಿ ಒಂದು ಆಕ್ಟೇವ್ (ಅರ್ಧದಷ್ಟು ಹರ್ಟ್ಜ್‌ಗೆ) ಕೆಳಗಿಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಮೇಲಾಗಿ 20 ಹರ್ಟ್ಜ್ ಅನ್ನುವುದು 75 ಡೆಸಿಬಲ್ ದಾಟುವ ತನಕ ಕಿವಿಗೆ ಕೇಳಿಸುವುದೇ ಇಲ್ಲ. ಪೋರ್ಟೆಡ್‌ನಲ್ಲಿ ತೂತಿನ ಗಾಳಿಯೂ ಕೋನ್‌ಗೆ ಕೈಜೋಡಿಸುತ್ತದೆ, ಹಾಗಾಗಿ ಪೋರ್ಟೆಡ್. ಅದರ ಪೋರ್ಟ್ ಟ್ಯೂನಿಂಗ್‌ಗಿಂತ (ಆ ತೂತನ್ನು ಹೊಂದಿಸಿದ ಸ್ವರಕ್ಕಿಂತ) ಕೆಳಗೆ ಸದ್ದು ಸೀಲ್ಡ್‌ಗಿಂತ ಬೇಗ ಬಿದ್ದುಹೋಗುತ್ತದೆ, ನಿಜ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹುಡುಕಿಕೊಂಡು ಬರಲಿಲ್ಲ.

ಜಾಗ ಹುಡುಕುವ ಹಳೇ ಉಪಾಯ ಒಂದಿದೆ. ಸಬ್ಬನ್ನು ಎತ್ತಿ ಸೋಫಾದ ಮೇಲೆ, ನಾವು ಕೂರುವಲ್ಲೇ ಇಡುವುದು. ಬೇಸ್ ಇರುವ ಏನಾದರೂ ಹಾಕಿ, ನಾವು ಗೋಡೆ ಬದಿಯಲ್ಲಿ ಅಂಬೆಗಾಲಿಕ್ಕುತ್ತಾ ಹೋಗುವುದು. ಎಲ್ಲಿ ಬೇಸ್ ಹದವಾಗಿ ಕೇಳಿಸುತ್ತದೋ ಅಲ್ಲಿ ಸಬ್ ಇಟ್ಟರೆ ಸೋಫಾದಲ್ಲೂ ಹಾಗೇ ಕೇಳಿಸುತ್ತದೆ. ಇದು ನಿಜವಾಗಿಯೂ ಕೆಲಸ ಮಾಡುತ್ತದೆ, ಆದರೆ ಒಂದು ಸೀಟಿಗೆ ಮಾತ್ರ. ನನಗೆ ಇಡೀ ಸೋಫಾ ಬೇಕಿತ್ತು. ಅದಕ್ಕೆ ಯುಮಿಕ್-1 ಎಂಬ ಯುಎಸ್‌ಬಿ ಮೈಕ್ ತರಿಸಿ, ಲ್ಯಾಪ್‌ಟಾಪಿನಲ್ಲಿ ಕೋಣೆಯ ಸದ್ದನ್ನು ಅಳೆದು ಗೆರೆಯಾಗಿ ತೋರಿಸುವ ರೂಮ್ ಇಕ್ಯೂ ವಿಝಾರ್ಡ್ ಹಾಕಿಕೊಂಡೆ. ಸಾಫ್ಟ್‌ವೇರ್ ಉಚಿತ. ಮೈಕಿನ ಸೀರಿಯಲ್ ನಂಬರ್ ಕೊಟ್ಟರೆ ಆ ಮೈಕಿಗೇ ಅಂತ ಇರುವ ಕ್ಯಾಲಿಬ್ರೇಷನ್ (ಅಳತೆಯ ತಪ್ಪು ತಿದ್ದುವ) ಫೈಲ್ ಸಿಗುತ್ತದೆ. ಸಬ್ಬಿಗೆ ಸುರಿಯುವುದರಲ್ಲಿ ಒಂದು ಸಣ್ಣ ಪಾಲು ಈ ಮೈಕಿಗೆ ಹೋದರೆ ಅದು ದಂಡವಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಳೆಯುವಾಗ ಫ್ಯಾನ್, ಫ್ರಿಜ್ ಎರಡೂ ಆಫ್. ಮಳೆ ಬರುವ ದಿನ ಆ ಕಡೆ ತಲೆ ಹಾಕುವುದೂ ಬೇಡ. ನಮ್ಮ ಸಿಟ್‌ಔಟಿನ ಶೀಟಿನ ಮಾಡಿಗೆ ಮಳೆ ಹೊಡೆದರೆ ಮೈಕಿಗೆ ಅದೊಂದೇ ಕೇಳಿಸುವುದು.

ಎರಡು ಸಬ್‌ಗಳನ್ನು ಎಲ್ಲಿಡಬೇಕು ಅನ್ನುವುದರ ಮೇಲೆ ಸ್ಪೀಕರ್ ತಯಾರಿಸುವ ಹರ್ಮನ್ ಕಂಪೆನಿಯ ಟಾಡ್ ವೆಲ್ಟಿ 2002ರಲ್ಲಿ ಮಾಡಿದ ಅಧ್ಯಯನ ಹೆಸರುವಾಸಿ. ನಾಲ್ಕೂ ಗೋಡೆ ಮುಚ್ಚಿದ ಚಚ್ಚೌಕ, ಆಯತದ ಕೋಣೆಗಳಲ್ಲಿ, ಎದುರುಬದುರು ಗೋಡೆಗಳ ನಡುಭಾಗದಲ್ಲಿ ಒಂದೊಂದು ಇಟ್ಟರೆ ಸೀಟುಗಳ ನಡುವಿನ ವ್ಯತ್ಯಾಸ ಚೆನ್ನಾಗಿ ಕಡಿಮೆಯಾಗುತ್ತದೆ. ನಾಲ್ಕಕ್ಕಿಂತ ಹೆಚ್ಚು ಸಬ್ ಇಟ್ಟು ದೊಡ್ಡ ಲಾಭವಿಲ್ಲ ಅನ್ನುವುದು ಅದರ ಸಾರ. ನಮ್ಮಲ್ಲಿ ಎಡಗೋಡೆಯ ನಡುಭಾಗ ಅಂದರೆ ದೇವರ ಕೋಣೆಯ ಬಾಗಿಲು. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದರು: "ಅಲ್ಲಿಟ್ರೆ ದೇವರ ಗಂಟೆ ತನ್ನಷ್ಟಕ್ಕೇ ಬಡಿತದೆ ಮಗಾ." ಬಲಗೋಡೆಯ ನಡುವೆ ಸಿಟ್‌ಔಟಿಗೆ ಹೋಗುವ ಬಾಗಿಲು. ಮುಂದಿನ ಗೋಡೆಯ ನಡುವೆ ಟಿವಿ, ಹಿಂದೆ ಗೋಡೆಯೇ ಇಲ್ಲ. ಪುಸ್ತಕದ ಜಾಗ ಒಂದೂ ನಮಗಾಗಲಿಲ್ಲ.

ಉಳಿದದ್ದು ಓರೆ ಮೂಲೆ. ಒಂದು ಮುಂದೆ ಬಲಕ್ಕೆ, ಇನ್ನೊಂದು ಹಿಂದೆ ಎಡಕ್ಕೆ ಮೆಟ್ಟಿಲ ಕೆಳಗೆ. ಅಗಲದ 34 ಹರ್ಟ್ಜ್‌ಗೆ ಈ ಎರಡು ಜಾಗಗಳು ಒಂದಕ್ಕೊಂದು ವಿರುದ್ಧ. ಒಂದು ಎಬ್ಬಿಸಿದ್ದನ್ನು ಇನ್ನೊಂದು ಅಮುಕುತ್ತದೆ. ಉದ್ದದ 20ಕ್ಕೂ ಹಾಗೇ. ತುಂಬಿದ ಅಲ್ಮೇರಾದಷ್ಟು ಭಾರದ ಡಬ್ಬಿಗಳನ್ನು ಗೋಣಿಚೀಲದ ಮೇಲಿಟ್ಟು ಟೈಲ್ಸ್ ಮೇಲೆ ಎಳೆಯುತ್ತಾ, ಒಂದೊಂದು ಅಡಿ ಸರಿಸಿ, ಸೋಫಾದ ಮೂರೂ ಸೀಟಿನಲ್ಲಿ ಅಳೆಯುತ್ತಾ ಹೋದೆ. ನೋಡಿದ್ದು ಗೆರೆ ಸಪಾಟಾಗಿದೆಯೋ ಅಂತಲ್ಲ. ಮೂರು ಸೀಟಿನ ಮೂರು ಗೆರೆಗಳು ಒಂದರ ಮೇಲೊಂದು ಕೂರುತ್ತವೋ ಅಂತ. ಮೆಟ್ಟಿಲ ಕೆಳಗಿನದನ್ನು ಗೋಡೆಯಿಂದ ಸ್ವಲ್ಪ ಈಚೆಗೆ ತಂದಾಗ ಅವು ಹೆಚ್ಚುಕಡಿಮೆ ಕೂತವು. 41ರಲ್ಲಿ ಮಾತ್ರ ದೊಡ್ಡ ಗುಡ್ಡ ಉಳಿಯಿತು. ಉದ್ದದ ಎರಡನೇ ಅನುರಣನ ಅದು, ಓರೆ ಮೂಲೆಯ ಉಪಾಯಕ್ಕೆ ಬಗ್ಗುವುದಿಲ್ಲ. ಆದರೆ ಮೂರೂ ಸೀಟಿನಲ್ಲಿ ಗುಡ್ಡ ಒಂದೇ ಎತ್ತರಕ್ಕಿತ್ತು. ಇಕ್ಯೂನಲ್ಲಿ (ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯದಲ್ಲಿ) 41ರ ಹತ್ತಿರ 7 ಡೆಸಿಬಲ್ ಇಳಿಸಿದೆ, ಮೂವರಿಗೂ ಒಟ್ಟಿಗೆ ಇಳಿಯಿತು. ಹಳೇ ಒಂಟಿ ಸಬ್‌ನಲ್ಲಿ ಇದು ಸಾಧ್ಯವಿರಲಿಲ್ಲ. ಒಬ್ಬರಿಗೆ ಸರಿ ಮಾಡಿದರೆ ಪಕ್ಕದವರಿಗೆ ಕೆಡುತ್ತಿತ್ತು. ತಗ್ಗನ್ನು ಇಕ್ಯೂನಿಂದ ತುಂಬಲು ಹೋಗಬಾರದು. 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಪವರ್ ಕೊಡಬೇಕು, ಸೀಟಿಗೆ ಬರುವುದು ಹೆಚ್ಚುಕಡಿಮೆ ಸೊನ್ನೆ.

ಫೋಮ್, ಮೊಟ್ಟೆ ಟ್ರೇ, ದಪ್ಪ ಪರದೆ ಅಂತ ಕೆಲವರು ಹೇಳಿದರು. 40 ಹರ್ಟ್ಜ್ ಅಲೆಯ ಕಾಲು ಭಾಗವೇ ಏಳು ಅಡಿ. ಎರಡಿಂಚು ಫೋಮ್ ಅದಕ್ಕೇನು ಮಾಡೀತು? ಡೈಲಾಗ್ ಸ್ಪಷ್ಟವಾಗಲಿ ಅಂತ ಪರದೆ ಹಾಕಿದೆವು, ಬೇಸ್‌ಗಾಗಿ ಅಲ್ಲ.

ಇನ್ನು ಸಮಯದ ಹೊಂದಾಣಿಕೆ. ಜಾಗ ಸಿಕ್ಕಿದ ಮೇಲೂ ಇದು ಕೆಡಬಹುದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನನ್ನ ಸೀಟಿಗೆ ಮುಂದಿನ ಸಬ್ ಹಿಂದಿನದಕ್ಕಿಂತ ಮೂರು ಅಡಿ ದೂರ. ಮೂರು ಅಡಿ ಅಂದರೆ ಶಬ್ದಕ್ಕೆ ಎರಡೂವರೆ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. 80 ಹರ್ಟ್ಜ್‌ನಲ್ಲಿ ಅದು ಒಂದು ಅಲೆಯ ಐದನೇ ಒಂದು ಭಾಗ. ಆದ್ದರಿಂದ ಹತ್ತಿರದ್ದನ್ನು ಅಷ್ಟು ತಡೆದು ಬಿಡಬೇಕು. ರಿಸೀವರಿನ (ಎಲ್ಲ ಸ್ಪೀಕರ್‌ಗಳಿಗೂ ಸದ್ದು ಹಂಚುವ ಡಬ್ಬಿಯ) ಹಿಂದೆ ಸಬ್‌ಗೆ ಎರಡು ಸಾಕೆಟ್ ಇವೆ ಅಂದ ಮಾತ್ರಕ್ಕೆ ಎರಡನ್ನೂ ಬೇರೆ ಬೇರೆ ಹೊಂದಿಸಬಹುದು ಅಂತ ಅಲ್ಲ. ಎಷ್ಟೋ ರಿಸೀವರುಗಳಲ್ಲಿ ಅವೆರಡರಲ್ಲೂ ಒಂದೇ ಸಿಗ್ನಲ್. ನಮ್ಮದರಲ್ಲಿ ಆಡಿಸ್ಸಿ ಎಕ್ಸ್‌ಟಿ32 ಎಂಬ, ತಾನೇ ಅಳೆದು ಹೊಂದಿಸುವ ಸಾಫ್ಟ್‌ವೇರ್ ಇರುವುದರಿಂದ ಎರಡಕ್ಕೂ ಪ್ರತ್ಯೇಕ ದೂರ, ಪ್ರತ್ಯೇಕ ಲೆವೆಲ್ ಕೊಟ್ಟು, ಆಮೇಲೆ ಒಟ್ಟಿಗೆ ಇಕ್ಯೂ ಮಾಡುತ್ತದೆ. ಇಲ್ಲದವರು ಇದೇ ಕೆಲಸ ಮಾಡುವ ಮಿನಿಡಿಎಸ್‌ಪಿಯಂಥ ಸಣ್ಣ ಡಬ್ಬಿ ನಡುವೆ ಹಾಕಿಕೊಳ್ಳಬೇಕು.

ರಿಸೀವರ್ ಅಳೆದ ದೂರ ನಮ್ಮ ಟೇಪಿನ ದೂರಕ್ಕಿಂತ ಜಾಸ್ತಿ ಬಂದರೆ ಅದನ್ನು "ಸರಿ" ಮಾಡಬೇಡಿ. ಸಬ್ಬಿನೊಳಗಿನ ಎಲೆಕ್ಟ್ರಾನಿಕ್ಸ್ ಮಾಡುವ ತಡವನ್ನೂ ಅದು ಅಡಿಯಲ್ಲಿ ಸೇರಿಸಿ ಹೇಳುತ್ತದೆ. ಸಬ್ಬಿನ ಹಿಂದಿರುವ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ಗೆ ಅನ್ನುವ ಗಡಿ) ತಿರುಗುಣಿ ಪೂರ್ತಿ ಮೇಲಕ್ಕೆ, ಫೇಸ್ (ಅಲೆಯನ್ನು ಹಿಂದುಮುಂದು ಮಾಡುವ ತಿರುಗುಣಿ) ಸೊನ್ನೆಗೆ, ಎಲ್ಲ ಸ್ಪೀಕರ್ "ಸ್ಮಾಲ್" (ಬೇಸನ್ನು ಸಬ್‌ಗೆ ಬಿಡುವ ಆಯ್ಕೆ), ಕ್ರಾಸ್‌ಓವರ್ ರಿಸೀವರಿನಲ್ಲಿ 80. ಇಷ್ಟಾದ ಮೇಲೆ ಸೆಂಟರ್ ಸ್ಪೀಕರ್ ಮತ್ತು ಎರಡೂ ಸಬ್ ಒಟ್ಟಿಗೆ ಓಡಿಸಿ ಅಳೆದಾಗ 80ರ ಸುತ್ತ ಒಂದು ಹಳ್ಳ ಕಂಡಿತು. ಎರಡೂ ಸಬ್‌ಗಳ ದೂರವನ್ನು ಸಮವಾಗಿ, ಅರ್ಧರ್ಧ ಅಡಿ ಏರಿಸುತ್ತಾ ಹೋದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಹಳ್ಳ ಕಣ್ಣೆದುರೇ ತುಂಬಿಕೊಳ್ಳುತ್ತಾ ಬಂತು, ಒಂದು ಹಂತ ದಾಟಿದ ಮೇಲೆ ಮತ್ತೆ ತೋಡಿಕೊಳ್ಳತೊಡಗಿತು. ಎಲ್ಲಿ ಪೂರ್ತಿ ತುಂಬಿತ್ತೋ ಅಲ್ಲಿಗೆ ವಾಪಸ್ ತಂದು ನಿಲ್ಲಿಸಿದೆ. ಕಿವಿಗೆ ಪರೀಕ್ಷೆ ಅಂತ ಚೆಂಡೆ ಮದ್ದಳೆಯ ರೆಕಾರ್ಡಿಂಗ್ ಹಾಕಿದೆ. ಚೆಂಡೆಯ ಪೆಟ್ಟು ಸಬ್ಬಿನ ಕೆಲಸವೇ ಅಲ್ಲ, ಅದು ಮುಂದಿನ ಸ್ಪೀಕರಿನದು. ಅದು ಮೆಟ್ಟಿಲ ಕೆಳಗಿಂದ ಬಂದ ಹಾಗೆ ಕೇಳಿಸಿದರೆ ಕ್ರಾಸ್‌ಓವರೋ ಲೆವೆಲ್ಲೋ ಅತಿಯಾಗಿದೆ ಅಂತ ತಿಳಿಯಬಹುದು.

ಮೆಟ್ಟಿಲ ಕೆಳಗೆ ಮೊದಲೇ ಇನ್ವರ್ಟರ್ ಮತ್ತು ಬ್ಯಾಟರಿ ಇತ್ತು. ಸಬ್ ಅಲ್ಲಿಗೆ ಹೋದ ಕೂಡಲೇ ಹಂ ಶುರು. ಸಣ್ಣಗೆ, ಬಿಡದೆ, 50 ಹರ್ಟ್ಜ್‌ನ ಗೊಣಗು. ಇನ್ವರ್ಟರ್ ಪಕ್ಕದಿಂದ ಸಿಗ್ನಲ್ ಕೇಬಲ್ ದೂರ ಸರಿಸಿದರೆ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಡಿಶ್ಶಿನ ಕೋಆಕ್ಸಿಯಲ್ ಕೇಬಲ್ ಕಿತ್ತರೆ ಇನ್ನೂ ಸ್ವಲ್ಪ ಇಳಿಯಿತು. ನಮ್ಮದು ತ್ರೀ ಫೇಸ್ ಕನೆಕ್ಷನ್. ಮೆಟ್ಟಿಲ ಕೆಳಗಿನ ಪ್ಲಗ್ ಟಿವಿ ಪ್ಲಗ್‌ಗಿಂತ ಬೇರೆ ಲೈನಿನದು. ಟಿವಿ ಬದಿಯ ಪ್ಲಗ್ ಪಾಯಿಂಟಿನಿಂದಲೇ ಹಿಂದಿನ ಸಬ್‌ಗೂ ವಯರ್ ಎಳೆಸಿದೆವು, ಪಿವಿಸಿ ಕೇಸಿಂಗ್ ಒಳಗೆ, ಗೋಡೆಯ ಬುಡದಲ್ಲಿ. ಗೊಣಗು ನಿಂತಿತು. ಅರ್ಥ್ ಪಿನ್ ತೆಗೆದರೂ ಹಂ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಹಂ ಜೊತೆ ನೀವೂ ಹೋಗಬಹುದು.

ಅತಿ ಹೆಚ್ಚು ತಾಳ್ಮೆ ತಿಂದದ್ದು ನಡುಗುವ ಸಾಮಾನುಗಳು. ಹೊಸ ಬೇಸ್ ಬಂದ ಮೇಲೆ ಮನೆಯೇ ಗಿರಗಿರ ಅನ್ನತೊಡಗಿತು. 20ರಿಂದ 120 ಹರ್ಟ್ಜ್‌ವರೆಗೆ ನಿಧಾನಕ್ಕೆ ಏರುವ ಸ್ವರ ಹಾಕಿ, ನಾನು ಒಂದು ಕಡೆ ಮಗಳು ಒಂದು ಕಡೆ ನಿಂತು ಕೈಯಿಟ್ಟು ಹುಡುಕಿದೆವು. ಶೋಕೇಸಿನ ಸರಿಯುವ ಗಾಜು ಅದರ ಹಳಿಯೊಳಗೆ 38ಕ್ಕೆ ಝಿರ್ ಅನ್ನುತ್ತಿತ್ತು. ಬೆರಳಿಟ್ಟರೆ ನಿಲ್ಲುತ್ತದೆ, ತೆಗೆದರೆ ಶುರು. ಹಳೇ ಸೈಕಲ್ ಟ್ಯೂಬ್ ಸಪೂರಕ್ಕೆ ಕತ್ತರಿಸಿ ಹಳಿಯಲ್ಲಿ ತುರುಕಿದೆವು. ಒಳಗಿದ್ದ ಯಕ್ಷಗಾನದ ವೇಷದ ಗೊಂಬೆ ಪ್ರತಿ ಸ್ಫೋಟಕ್ಕೂ ಒಂದಿಷ್ಟು ತಿರುಗಿ ಕೊನೆಗೆ ನಮಗೆ ಬೆನ್ನು ಹಾಕಿ ನಿಲ್ಲುತ್ತಿತ್ತು. ಅದಕ್ಕೆ ಎರಡೂ ಕಡೆ ಅಂಟುವ ಟೇಪ್. ಫ್ಯಾನಿನ ಮೇಲಿನ ಕಪ್, ಮುಂಬಾಗಿಲ ಚಿಲಕ, ಕರೆಂಟ್ ಬೋರ್ಡಿನ ಸಡಿಲ ಮುಚ್ಚಳ, ಎಲ್ಲದಕ್ಕೂ ಒಂದೊಂದು ಸ್ವರ. ಸಿಟ್‌ಔಟಿನ ಶೀಟ್ ಮಾತ್ರ ಒಳಗಿಂದ ಗೊತ್ತಾಗುತ್ತಿರಲಿಲ್ಲ. ಹೊರಗೆ ಚಪ್ಪಲಿ ಹಾಕುತ್ತಿದ್ದ ಅಮ್ಮನಿಗೆ ಗೊತ್ತಾಯಿತು. ಬೋಲ್ಟ್‌ಗಳ ವಾಷರ್ ಬದಲಿಸಿ ಬಿಗಿ ಮಾಡಿಸಿದೆವು. ಸಬ್ಬಿನ ಅಡಿಗೆ ಇಡುವ ದುಬಾರಿ ಸ್ಟ್ಯಾಂಡ್‌ಗಳಿಗೆ ನಾನು ಹಣ ಹಾಕಲಿಲ್ಲ. ನೆಲದ ಮೇಲೇ ಕೂತ ಕಾಂಕ್ರೀಟ್ ಮನೆಯಲ್ಲಿ ರಬ್ಬರ್ ಕಾಲು ಸಾಕು. ಮೇಲಿನ ಮಹಡಿಯ ಫ್ಲ್ಯಾಟ್ ಆದರೆ ಯೋಚಿಸಬಹುದು.

ಕ್ಯಾಲಿಬ್ರೇಷನ್ ಮುಗಿದಾಗ ಬೇಸ್ ಸ್ವಲ್ಪ ಸಪ್ಪೆ ಅನಿಸಿತು. ಎರಡೂ ಸಬ್‌ಗೆ 3 ಡೆಸಿಬಲ್ ಸೇರಿಸಿದೆ, ಅಲ್ಲಿಗೆ ಬಿಟ್ಟೆ. ಬಾವ ಬಂದು ನಡುವೆ ಕೂತರು, ಬಲತುದಿಗೆ ಹೋಗಿ ಕೂತರು, ಎದ್ದು ಹಿಂದೆ ಹೋಗಿ ಊಟದ ಮೇಜಿನ ಹತ್ತಿರ ನಿಂತರು. "ಇಲ್ಲಿ ಮಾತ್ರ ಜಾಸ್ತಿ ಉಂಟಲ್ಲ" ಅಂದರು. ಉಂಟು. ಊಟದ ಮೇಜಿಗೆ ನಾನು ಅಳತೆ ಮಾಡಿಲ್ಲ, ಮಾಡುವ ಯೋಚನೆಯೂ ಇಲ್ಲ.

ನಮ್ಮ ಕರಾವಳಿಯ ಹವೆಗೆ ಎರಡು ಕೆಲಸ ಹೆಚ್ಚು. ಆರ್‌ಸಿಎ (ಸಬ್ಬಿನ ಸಿಗ್ನಲ್ ಕೇಬಲಿನ) ತುದಿಗಳಿಗೆ ಕಿಲುಬು ಹಿಡಿಯುತ್ತದೆ, ಮಳೆಗಾಲ ಮುಗಿದ ಮೇಲೆ ಕಿತ್ತು ಒರೆಸಿ ಹಾಕುತ್ತೇನೆ. ಏಪ್ರಿಲ್, ಮೇ ಸಂಜೆಯ ಗುಡುಗಿಗೂ ಅಕ್ಟೋಬರಿನ ಗುಡುಗಿಗೂ ಪ್ಲಗ್ ಜೊತೆ ಡಿಶ್ ಕೇಬಲನ್ನೂ ಕಿತ್ತಿಡುವುದು. ಸ್ವಿಚ್ ಆಫ್ ಮಾಡಿದರೆ ಸಾಕಾಗುವುದಿಲ್ಲ. ಸಿಡಿಲು ಆ ಕೇಬಲಿನಲ್ಲೇ ಒಳಗೆ ಬಂದು ರಿಸೀವರ್ ದಾಟಿ ಸಬ್ಬಿನ ತನಕ ಹೋಗಬಲ್ಲದು.