ಕೋಲಾರದಿಂದ ಮಕ್ಕಳ ಸಮೇತ ವಿಶ್ವೇಶ್ವರಯ್ಯ ಮ್ಯೂಸಿಯಂಗೆ: ಒಬ್ಬ ವೈಂಡಿಂಗ್ ಮೆಕ್ಯಾನಿಕ್‌ನ ಪ್ಲಾನು

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅನ್ನು ಒಂದೇ ದಿನದಲ್ಲಿ ಪೂರ್ತಿ ನೋಡಿ ಮುಗಿಸಲು ಹೋಗಬೇಡಿ. ಆಗುವುದಿಲ್ಲ ಅಂತಲ್ಲ. ಕಾಲೆಳೆದುಕೊಂಡು ಎಲ್ಲ ಮಹಡಿ ಹತ್ತಿ ಇಳಿದು ಬರಬಹುದು. ಆದರೆ ಮನೆಗೆ ಬಂದು ಮಕ್ಕಳನ್ನು ಏನು ನೋಡಿದಿರಿ ಅಂತ ಕೇಳಿದರೆ "ಡೈನೋಸಾರ್" ಅನ್ನುವುದು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ನಾಲ್ಕೈದು ವಸ್ತುಗಳ ಮುಂದೆ ಅವರಿಗೆ ಸಾಕು ಅನ್ನಿಸುವ ತನಕ ನಿಲ್ಲಲು ಬಿಡಿ. ನನ್ನ ಪ್ಲಾನು ಇಷ್ಟೇ. ಬಸ್ಸು, ಊಟ, ಟಿಕೆಟ್ಟು ಎಲ್ಲವನ್ನೂ ಆ ನಾಲ್ಕೈದಕ್ಕೆ ಟೈಮು ಸಿಗುವ ಹಾಗೆ ಹೊಂದಿಸಿಕೊಳ್ಳಬೇಕು.

ನಾನು ಕೋಲಾರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಬೋರ್‌ವೆಲ್‌ನಿಂದ ಎತ್ತಿ ತಂದ ಸುಟ್ಟ ಮೋಟರ್ ಬಿಚ್ಚಿ, ಹಳೆ ಕಾಯಿಲ್ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಹಾಗಾಗಿ ನನ್ನ ಸಲಹೆ ಸ್ವಲ್ಪ ಕರೆಂಟಿನ ಕಡೆಗೇ ವಾಲುತ್ತದೆ. ನಿಮಗೆ ರಾಕೆಟ್ ಇಷ್ಟವಿದ್ದರೆ ಆ ಕಡೆ ವಾಲಿಸಿಕೊಳ್ಳಿ, ಅದಕ್ಕೂ ಅಲ್ಲಿ ಬೇರೆ ಗ್ಯಾಲರಿ ಇದೆ.

ಯಾವ ದಿನ, ಯಾರು ಯಾರು

ಮ್ಯೂಸಿಯಂ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ, ಸಂಜೆ ಆರರ ತನಕ ಇರುತ್ತದೆ. ಗಣೇಶನ ಹಬ್ಬ, ದೀಪಾವಳಿ ಬಿಟ್ಟರೆ ವಾರದ ಎಲ್ಲ ದಿನವೂ ತೆರೆದಿರುತ್ತದೆ. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ.

ಭಾನುವಾರ ಬೇಡ. ನವೆಂಬರ್‌ನಿಂದ ಜನವರಿ ತನಕ ವಾರದ ದಿನಗಳೂ ಕಷ್ಟ, ಅದು ಶಾಲಾ ಪ್ರವಾಸದ ಕಾಲ. ಬಸ್ಸುಗಟ್ಟಲೆ ಮಕ್ಕಳು ಸಾಲಾಗಿ ಬರುತ್ತಾರೆ. ಹಿಂದಿನಿಂದ ಮೇಷ್ಟ್ರು "ನಡೀರಿ, ನಡೀರಿ" ಅನ್ನುತ್ತಿರುತ್ತಾರೆ. ಆ ಸಾಲಿನ ನಡುವೆ ನಿಮ್ಮ ಮಗು ಒಂದು ಹಿಡಿಕೆ ಹಿಡಿದು ನಿಲ್ಲುವುದಕ್ಕೇ ಆಗುವುದಿಲ್ಲ. ದಸರಾ ರಜೆಯ ನಡುವಿನ ಒಂದು ಮಂಗಳವಾರವೋ ಬುಧವಾರವೋ ಆರಿಸಿಕೊಳ್ಳಿ. ರಜೆಯಲ್ಲಿ ಶಾಲೆಗಳ ಗುಂಪು ಬರುವುದು ಕಡಿಮೆ, ನಮ್ಮ ಮಕ್ಕಳಿಗೂ ಕ್ಲಾಸು ತಪ್ಪುವುದಿಲ್ಲ.

ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು. ನಮ್ಮ ತಂಡದಲ್ಲಿ ನಾನು, ನನ್ನ ಹೆಂಡತಿ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ, ಅಕ್ಕನ ಮಗ, ಜೊತೆಗೆ ನಮ್ಮಮ್ಮ. ವಯಸ್ಸಾದವರನ್ನು ಬಿಟ್ಟು ಹೋಗೋಣ ಅಂತ ನಿಮಗೆ ಅನ್ನಿಸಬಹುದು. ಬೇಡ, ಕರೆದುಕೊಂಡು ಹೋಗಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬಿಟ್ಟು ಹೋಗಬೇಕಾದವರು ಯಾರಾದರೂ ಇದ್ದರೆ ಅದು ಹತ್ತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವ ಭಾವಮೈದನ ಥರದವರು. ಅವರನ್ನು ಅವೆನ್ಯೂ ರಸ್ತೆಗೆ ಏನಾದರೂ ತರಲು ಕಳಿಸಿಬಿಡಿ.

ಹೋಗುವ ದಾರಿ

ಕೋಲಾರ ಊರಿನಿಂದಾದರೆ ಮೆಜೆಸ್ಟಿಕ್ ಬಸ್ ಹತ್ತಿ, ಆದರೆ ಮೆಜೆಸ್ಟಿಕ್ ತನಕ ಹೋಗಬೇಡಿ. ಹೊಸಕೋಟೆ ದಾಟಿದ ಮೇಲೆ ಕೆ.ಆರ್. ಪುರದಲ್ಲಿ ಇಳಿದುಬಿಡಿ. ಅಲ್ಲೇ ಮೆಟ್ರೋ ನೇರಳೆ ಮಾರ್ಗದ ನಿಲ್ದಾಣ ಇದೆ. ಚಲ್ಲಘಟ್ಟ ಕಡೆ ಹೋಗುವ ರೈಲು ಹತ್ತಿದರೆ ಎಲ್ಲೂ ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣ. ಅಲ್ಲಿಂದ ಮ್ಯೂಸಿಯಂಗೆ ಒಂದು ಕಿಲೋಮೀಟರ್ ಆಸುಪಾಸು. ನಡೆಯಬಹುದು, ಆದರೆ ಮಕ್ಕಳ ಕಾಲಿನ ಶಕ್ತಿ ಒಳಗೆ ಬೇಕು. ಆಟೋ ಮಾಡಿ.

ಬಂಗಾರಪೇಟೆ, ಮಾಲೂರು ಕಡೆಯವರಿಗೆ ರೈಲೇ ಒಳ್ಳೆಯದು. ಕಂಟೋನ್ಮೆಂಟ್‌ನಲ್ಲಿ ಇಳಿದು ಆಟೋ ಹಿಡಿದರೆ ಆಯಿತು. ನಿಮ್ಮ ಮಕ್ಕಳು ಮೆಟ್ರೋ ಹತ್ತೇ ಇಲ್ಲ ಅಂದರೆ ವೈಟ್‌ಫೀಲ್ಡ್‌ನಲ್ಲಿ ಇಳಿಯಿರಿ. ರೈಲ್ವೆ ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಶುರುವಾಗುತ್ತದೆ. ಅದು ಸ್ವಲ್ಪ ನಿಧಾನ, ಆದರೆ ಉದ್ದಕ್ಕೂ ಕಿಟಕಿಯಲ್ಲಿ ನೋಡಲು ಊರೆಲ್ಲ ಸಿಗುತ್ತದೆ.

ವಾಪಸ್ ಬರುವಾಗ ಲೆಕ್ಕ ಬೇರೆ. ಸಂಜೆ ಕೆ.ಆರ್. ಪುರದಲ್ಲಿ ನಿಂತರೆ ಬಸ್ಸುಗಳು ಮೆಜೆಸ್ಟಿಕ್‌ನಿಂದಲೇ ತುಂಬಿ ಬಂದಿರುತ್ತವೆ. ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಹೊಸಕೋಟೆ ತನಕ ನಿಲ್ಲಬೇಕಾಗುತ್ತದೆ. ಮೂರು ಗಂಟೆಯೊಳಗೆ ಮ್ಯೂಸಿಯಂ ಬಿಡುತ್ತೀರಾ, ಕೆ.ಆರ್. ಪುರಕ್ಕೇ ಹೋಗಿ. ತಡವಾಯಿತಾ, ಉಲ್ಟಾ ಮೆಜೆಸ್ಟಿಕ್‌ಗೆ ಹೋಗಿ ಸೀಟು ಹಿಡಿದು ಕೂತುಬಿಡಿ. ಟೈಮು ಜಾಸ್ತಿ ಹಿಡಿಯುತ್ತದೆ, ಆದರೆ ಎಲ್ಲರೂ ಮಲಗಿಕೊಂಡು ಬರಬಹುದು.

ಹೊರಡುವ ವಾರ ಮಾಡಬೇಕಾದ್ದು

ಪುಸ್ತಕ ಓದಿಸಬೇಡಿ, ವಿಡಿಯೋ ತೋರಿಸಬೇಡಿ. ಮನೆಯಲ್ಲಿರುವ ಯಾವುದಾದರೂ ಕೆಟ್ಟ ಸಾಮಾನು ಬಿಚ್ಚಿ. ಹಳೆ ಮಿಕ್ಸಿ, ನಿಂತುಹೋದ ಗೋಡೆ ಗಡಿಯಾರ, ಸೈಕಲ್ ಡೈನಮೋ, ಏನಾದರೂ ಸರಿ. ಪ್ಲಗ್ ತೆಗೆದಿರಬೇಕು, ಅಷ್ಟೇ. ಟಿ.ವಿ. ಮಾತ್ರ ಬಿಚ್ಚಬೇಡಿ, ಹಳೆ ಡಬ್ಬ ಟಿ.ವಿ.ಯೊಳಗೆ ಪ್ಲಗ್ ತೆಗೆದ ಮೇಲೂ ಕರೆಂಟು ಉಳಿದಿರುತ್ತದೆ. ಒಳಗೆ ನೋಡಿದ ಮಗುವಿಗೆ ಒಂದಾದರೂ ಪ್ರಶ್ನೆ ಹುಟ್ಟುತ್ತದೆ. ಅದಕ್ಕೆ ಉತ್ತರ ಹೇಳಬೇಡಿ, ಬಾಯಿ ಕಟ್ಟಿಕೊಳ್ಳಿ. "ಅಲ್ಲಿಗೆ ಹೋದಾಗ ನೋಡೋಣ" ಅನ್ನಿ. ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಇದ್ದರೆ ಸಾಕು, ನಿಮ್ಮ ನಾಲ್ಕೈದು ವಸ್ತುಗಳನ್ನು ಅದೇ ಆರಿಸಿಕೊಡುತ್ತದೆ.

ನನ್ನ ಮಗ ಕೇಳಿದ್ದು: "ಅಪ್ಪ, ತಂತಿ ಸುಮ್ನೆ ಸುತ್ತಿದೆ, ಅದು ಹೆಂಗೆ ತಿರುಗುತ್ತೆ?" ನಾನು ದಿನವೂ ಅದೇ ತಂತಿ ಸುತ್ತುವವನು, ನಾಲಿಗೆ ತುದಿಗೆ ಬಂದ ಉತ್ತರ ನುಂಗಿಕೊಂಡೆ.

ಒಳಗೆ ಹೋದ ಮೇಲೆ

ನೆಲ ಅಂತಸ್ತಿನಲ್ಲಿ ಅಲ್ಲಾಡುತ್ತಾ ಘರ್ಜಿಸುವ ಡೈನೋಸಾರ್ ಇದೆ. ತೀರಾ ಚಿಕ್ಕ ಮಕ್ಕಳಿದ್ದರೆ ದೂರದಿಂದಲೇ ತೋರಿಸಿ. ಒಂದು ಸಲ ಹೆದರಿದರೆ ದಿನವೆಲ್ಲ ಸೊಂಟದಿಂದ ಇಳಿಯುವುದಿಲ್ಲ.

ಬೇಗ ಹೋಗಿದ್ದರೆ ಮೊದಲು ಮೇಲಿನ ಮಹಡಿಗೆ ನಡೆಯಿರಿ. ಎಲ್ಲರೂ ನೆಲ ಅಂತಸ್ತಿನ ಎಂಜಿನ್ ಹಾಲ್‌ನಿಂದಲೇ ಶುರು ಮಾಡುತ್ತಾರೆ, ಹಾಗಾಗಿ ಮೊದಲ ಒಂದು ಗಂಟೆ ಮೇಲೆ ಜಾಗ ಆರಾಮಾಗಿರುತ್ತದೆ. ಮೋಜಿನ ವಿಜ್ಞಾನದ ಗ್ಯಾಲರಿ ಚಿಕ್ಕವರಿಗೆ ಹೇಳಿ ಮಾಡಿಸಿದ್ದು: ಕನ್ನಡಿ, ನೆರಳು, ಸದ್ದು, ಕಣ್ಣಿಗೆ ಮೋಸ ಮಾಡುವ ಚಿತ್ರ. ಇಲ್ಲಿ ನೀವು ಸುಮ್ಮನೆ ಹಿಂದೆ ನಿಲ್ಲಿ.

ದೊಡ್ಡವರೆಲ್ಲ ಮಾಡುವ ಒಂದು ಕೆಲಸ ಇದೆ. ಮೊದಲು ಬೋರ್ಡು ಓದುತ್ತೇವೆ, ಮಕ್ಕಳಿಗೆ ವಿವರಿಸುತ್ತೇವೆ, ಆಮೇಲೆ "ಈಗ ಒತ್ತು" ಅನ್ನುತ್ತೇವೆ. ಇದು ತಲೆಕೆಳಗು. ಮೊದಲು ಒತ್ತಲಿ, ತಿರುಗಿಸಲಿ, ಎಳೆಯಲಿ. ಏನೋ ಆಗುತ್ತದೆ. ಇನ್ನೊಂದು ಸಲ ಮಾಡುತ್ತಾರೆ. ಆಗ ನೀವು ಕೇಳಬೇಕಾದ್ದು ಒಂದೇ: "ಇನ್ನೂ ನಿಧಾನಕ್ಕೆ ತಿರುಗಿಸಿದರೆ ಏನಾಗುತ್ತೆ?" ಬೋರ್ಡು ಕೊನೆಗೆ. ಕನ್ನಡದಲ್ಲೂ ಬರೆದಿರುತ್ತದೆ, ದೊಡ್ಡ ಮಗು ಜೋರಾಗಿ ಓದಲಿ.

ಕೈಯಲ್ಲಿ ತಿರುಗಿಸಿ ಬಲ್ಬು ಹಚ್ಚುವ ಜನರೇಟರ್ ಇಂಥ ಮ್ಯೂಸಿಯಂಗಳಲ್ಲಿ ಸಾಮಾನ್ಯ. ಸಿಕ್ಕರೆ ಬಿಡಬೇಡಿ, ಅದರ ಮುಂದೆ ಅರ್ಧ ಗಂಟೆ ಕಳೆದರೂ ನಷ್ಟವಿಲ್ಲ. ಬಲ್ಬು ಸೇರಿಸದೆ ಇದ್ದಾಗ ಹಿಡಿಕೆ ಸಲೀಸಾಗಿ ತಿರುಗುತ್ತದೆ. ಬಲ್ಬು ಸೇರಿಸಿದ ಕೂಡಲೇ ಭಾರವಾಗುತ್ತದೆ. ಒಳಗೆ ಬ್ರೇಕ್ ಇಲ್ಲ. ಕಾಯಿಲ್‌ನಲ್ಲಿ ಕರೆಂಟು ಹರಿಯಲು ಶುರುವಾದರೆ ಅದು ತನ್ನದೇ ಅಯಸ್ಕಾಂತ ಶಕ್ತಿ ಹುಟ್ಟಿಸಿ ನಿಮ್ಮ ತಿರುಗುವಿಕೆಗೆ ಎದುರು ನಿಲ್ಲುತ್ತದೆ. ಬೆಳಕು ಬಿಟ್ಟಿ ಬರುವುದಿಲ್ಲ ಅನ್ನುವುದು ಮಗುವಿನ ರಟ್ಟೆಗೇ ಗೊತ್ತಾಗುತ್ತದೆ.

ಅಲ್ಲೇ ನಿಂತು ನಮ್ಮ ಕೋಲಾರದ ಲೆಕ್ಕ ಒಂದು ಹಾಕಿಸಿ. ಒಂದು ಎಚ್.ಪಿ. ಅಂದರೆ 746 ವ್ಯಾಟ್. ತೋಟದ ಬೋರಿಗೆ ಇಳಿಸಿದ ಏಳೂವರೆ ಎಚ್.ಪಿ. ಮೋಟರ್ ಅಂದರೆ ಸುಮಾರು 5,600 ವ್ಯಾಟ್. ಗಟ್ಟಿ ಆಳು ಒಂದೇ ಸಮ ತಿರುಗಿಸಿದರೂ 75 ವ್ಯಾಟ್ ಹೊರಟರೆ ಹೆಚ್ಚು. ಅಂದರೆ ಆ ಒಂದು ಮೋಟರ್ ಓಡಿಸಲು 75 ಜನ ಬಿಡದೆ ಹಿಡಿಕೆ ತಿರುಗಿಸಬೇಕು. ಅಕ್ಕನ ಮಗ ಲೆಕ್ಕ ಮಾಡಿ, "ಮಾವ, ಹಂಗಾದ್ರೆ ರಾತ್ರಿಯೆಲ್ಲ ಮೋಟರ್ ಆನ್ ಮಾಡಿ ಮಲಗ್ತಾರಲ್ಲ?" ಅಂದ. ನಾನು ಏನೂ ಹೇಳಲಿಲ್ಲ, ಅವನ ಅಪ್ಪನದೇ ತೋಟ.

ಈಗ ಅಮ್ಮನ ವಿಷಯ. ಅವರ ಅಪ್ಪ ಕೆ.ಜಿ.ಎಫ್. ಮೈನಿಂಗ್‌ನಲ್ಲಿ ಕೆಲಸಕ್ಕಿದ್ದವರು. ಶಿವನಸಮುದ್ರದಲ್ಲಿ ನೀರಿನಿಂದ ಕರೆಂಟು ತೆಗೆದು ತಂತಿಯಲ್ಲಿ ಸುಮಾರು 147 ಕಿಲೋಮೀಟರ್ ದೂರ ಕಳಿಸಿದ್ದು 1902ರಲ್ಲಿ, ಬಂದಿದ್ದು ನಮ್ಮ ಚಿನ್ನದ ಗಣಿಗೆ. ಬೆಂಗಳೂರಿಗೆ ಕರೆಂಟು ದೀಪ ಬಂದಿದ್ದು 1905ರಲ್ಲಿ, ನಮಗಿಂತ ಆಮೇಲೆ! ಕರೆಂಟಿನ ಗ್ಯಾಲರಿಯಲ್ಲಿ ಇದನ್ನು ನಾನು ಹೇಳಿದ್ದರೆ ಪಾಠವಾಗುತ್ತಿತ್ತು. ಅಮ್ಮ ತಮ್ಮ ಅಪ್ಪ ಹೇಳುತ್ತಿದ್ದ ಗಣಿಯೊಳಗಿನ ಕತೆ ಸೇರಿಸಿ ಹೇಳಿದರು, ಮಕ್ಕಳು ಕದಲಲಿಲ್ಲ. ನಿಮ್ಮ ಮನೆಯ ಹಿರಿಯರಿಗೂ ಏತ, ಕಪಿಲೆ, ಗಾಣ, ರೇಷ್ಮೆ ನೂಲು ತೆಗೆಯುವ ರಾಟೆ, ಏನಾದರೊಂದು ಗೊತ್ತಿರುತ್ತದೆ. ಪುಲ್ಲಿ, ಗೇರು, ಸನ್ನೆ ಇರುವ ಕಡೆ ಅವರನ್ನು ಮುಂದೆ ಬಿಡಿ. ಮಧ್ಯೆ ಮಧ್ಯೆ ಕೂರಿಸಿ, ಅಷ್ಟೇ.

ಎಂಜಿನ್ ಹಾಲ್‌ನಲ್ಲಿ ಸೀಳಿ ಇಟ್ಟ ಎಂಜಿನ್‌ಗಳಿವೆ, ಒಳಗಿನ ಪಿಸ್ಟನ್ ಕಾಣುತ್ತದೆ. ಅಪ್ಪನ ಬೈಕಿನಲ್ಲಿ ಇದು ಎಲ್ಲಿದೆ ಅಂತ ಕೇಳಿದರೆ ಮಾತು ತಾನೇ ಬೆಳೆಯುತ್ತದೆ.

ರೈಟ್ ಸಹೋದರರ ವಿಮಾನದ ಪೂರ್ತಿ ಅಳತೆಯ ಪ್ರತಿಯೂ ಮ್ಯೂಸಿಯಂನಲ್ಲಿದೆ. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡ್, 120 ಅಡಿ. ನಮ್ಮ ಕಡೆ ಬೋರು ಸಾವಿರದ ಇನ್ನೂರು ಅಡಿ ಇಳಿಯುತ್ತದಲ್ಲ, ಅದರ ಹತ್ತರಲ್ಲಿ ಒಂದು ಪಾಲು. ಹೊರಗೆ ಬಂದ ಮೇಲೆ ಮಕ್ಕಳಿಗೆ 120 ಅಡಿ ಹೆಜ್ಜೆ ಅಳೆದು ಓಡಲು ಹೇಳಿ.

ಕೆಲವು ವಸ್ತು ಕೆಲಸ ಮಾಡದೆ ಇರಬಹುದು. ಸಾವಿರಾರು ಕೈ ಮುಟ್ಟುವ ಜಾಗದಲ್ಲಿ, ಯಾವ ಊರಿನ ಮ್ಯೂಸಿಯಂ ಆದರೂ, ಅದು ಸಹಜ. ಗೊಣಗದೆ ಮುಂದೆ ಹೋಗಿ. ಇಲ್ಲವೇ ಏನು ಕೆಟ್ಟಿರಬಹುದು ಅಂತ ಊಹೆ ಮಾಡಿಸಿ, ನನ್ನ ಮಗಳಿಗೆ ಇದೇ ಜಾಸ್ತಿ ಇಷ್ಟ.

ತಾರಾಮಂಡಲ, ಥ್ರೀಡಿ ಪ್ರದರ್ಶನಗಳಿಗೆ ಬೇರೆ ಟಿಕೆಟ್. ಒಂದನ್ನು ಮಾತ್ರ ತೆಗೆದುಕೊಳ್ಳಿ, ಊಟದ ನಂತರದ ಆಟ ಕೇಳಿ. ಕೂತು ನೋಡುವುದರಿಂದ ಕಾಲಿಗೂ ವಿಶ್ರಾಂತಿ.

ಮ್ಯೂಸಿಯಂಗೆ ಯಾರ ಹೆಸರಿದೆ ಅನ್ನುವುದನ್ನು ಮಕ್ಕಳಿಗೆ ಹೇಳದೆ ಬರಬೇಡಿ. ಸರ್ ಎಂ.ವಿ. ಹುಟ್ಟಿದ ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರಲ್ಲಿ ಜಿಲ್ಲೆ ಬೇರೆಯಾಗುವ ತನಕ ಅದು ನಮ್ಮ ಕೋಲಾರದ್ದೇ. ಅವರು ತೀರಿಕೊಂಡಿದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ನೆಹರೂ ಈ ಮ್ಯೂಸಿಯಂ ಉದ್ಘಾಟಿಸಿದರು. ಮೊದಲು ತೆರೆದ ಗ್ಯಾಲರಿ ವಿದ್ಯುತ್ತಿನದು, 1965ರಲ್ಲಿ. ವೈಂಡಿಂಗ್ ಮಾಡುವ ನನಗೆ ಇದು ಸ್ವಲ್ಪ ಜಂಬದ ವಿಷಯ. ಮುದ್ದೇನಹಳ್ಳಿಯಲ್ಲಿ ಅವರ ಕನ್ನಡಕ, ಪೆನ್ನು, ಪದಕಗಳನ್ನೆಲ್ಲ ಇಟ್ಟಿದ್ದಾರೆ. ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ನಂದಿಬೆಟ್ಟದ ಜೊತೆ.

ಹೊಟ್ಟೆ

ಗ್ಯಾಲರಿಯೊಳಗೆ ತಿನ್ನುವಂತಿಲ್ಲ. ಬೆಳಿಗ್ಗೆ ಬಸ್ಸಿನಲ್ಲೇ ಚಪಾತಿ ಸುರುಳಿ ಕೊಟ್ಟುಬಿಡಿ. ಮಧ್ಯಾಹ್ನ ಹನ್ನೆರಡೂವರೆಗೇ ಊಟಕ್ಕೆ ಕೂರಿ, ಒಂದು ಗಂಟೆಯಾದರೆ ಕ್ಯಾಂಟೀನಿನಲ್ಲಿ ನೂಕುನುಗ್ಗಲು. ನೀರಿನ ಬಾಟಲಿ ಒಬ್ಬೊಬ್ಬರಿಗೆ ಒಂದು. ಬಂಗಾರಪೇಟೆ ಕಡೆ ವಾಪಸಾಗುವವರು ಬೆಂಗಳೂರಿನಲ್ಲಿ ಪಾನಿಪುರಿಗೆ ದುಡ್ಡು ಹಾಕಬೇಡಿ, ಊರಿಗೆ ಬಂದು ತಿನ್ನಿ.

ಮನೆಗೆ ಬಂದ ಮೇಲೆ

ಪ್ರಬಂಧ ಬರೆಸಬೇಡಿ. "ಏನು ಕಲಿತೆ?" ಅಂತ ಕೇಳಬೇಡಿ. ಮಾರನೇ ದಿನ ಒಂದು ನಾಲ್ಕಿಂಚಿನ ಕಬ್ಬಿಣದ ಮೊಳೆ, ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ಲು, ಯಾವುದಾದರೂ ವೈಂಡಿಂಗ್ ಅಂಗಡಿಯಲ್ಲಿ ಕೇಳಿ ತಂದ ಒಂದಷ್ಟು ತಾಮ್ರದ ತಂತಿ ಎದುರಿಗಿಡಿ. ಮೊಳೆಗೆ ನೂರು ಸುತ್ತು, ಒಂದೇ ದಿಕ್ಕಿನಲ್ಲಿ, ಒತ್ತೊತ್ತಾಗಿ. ಎರಡು ತುದಿ ಸೆಲ್ಲಿಗೆ ಹಿಡಿದರೆ ಮೊಳೆ ಗುಂಡುಸೂಜಿ ಎತ್ತುತ್ತದೆ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬಾರದು, ತಂತಿ, ಸೆಲ್ಲು ಎರಡೂ ಬಿಸಿಯಾಗುತ್ತವೆ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಈ ತಂತಿ ಹೋಗಲೇಬಾರದು, ನೀವೇ ಪಕ್ಕದಲ್ಲಿ ಕೂತಿರಿ. ಸೂಜಿ ಏಳಲಿಲ್ಲ ಅಂದರೆ ಸೆಲ್ಲು ಕೆಟ್ಟಿದೆ ಅಂದುಕೊಳ್ಳಬೇಡಿ. ಆ ತಂತಿಯ ಮೇಲೆ ಕಣ್ಣಿಗೆ ಕಾಣದ ವಾರ್ನಿಷ್ ಇರುತ್ತದೆ. ಎರಡೂ ತುದಿಯನ್ನು ಬ್ಲೇಡಿನಿಂದ ನೀವೇ ಕೆರೆದು ಕೊಡಿ, ತಾಮ್ರ ಹೊಳೆಯುವ ತನಕ.