ಶೇ. 99.9 ಅಂತ ಬರೆದು ಕೈ ಸುಟ್ಟುಕೊಂಡೆ

ತೀರ್ಥಹಳ್ಳಿ ಕಡೆ, ತುಂಗಾ ಹೊಳೆಯಿಂದ ಕುಡಿಯುವ ನೀರು ಎತ್ತುವ ಒಂದು ಪಂಪ್‌ಹೌಸಿಗೆ ಕಂಟ್ರೋಲ್ ಪ್ಯಾನೆಲ್ ಮಾಡಿಸುವ ಕೆಲಸ ನನಗೆ ಬಂದಿತ್ತು. ಕೆಳಗೆ ಜಾಕ್‌ವೆಲ್ (ಹೊಳೆ ನೀರು ಬಂದು ನಿಲ್ಲುವ ಬಾವಿ), ಗುಡ್ಡದ ಮೇಲೆ ಟ್ಯಾಂಕು, ಎರಡು ಪಂಪು, ಅವನ್ನು ಓಡಿಸಿ ನಿಲ್ಲಿಸುವ ಪುಟ್ಟ ಕಂಪ್ಯೂಟರ್, ಅಂದರೆ ಒಂದು ಪಿಎಲ್‌ಸಿ, ಅಷ್ಟೇ. ಹಳೇ ಟೆಂಡರೊಂದರಿಂದ ಒಂದು ಸಾಲು ಎತ್ತಿ ಅಂಟಿಸಿದೆ: 'ಸಿಸ್ಟಮ್ ಶೇ. 99.9ರಷ್ಟು ಸಮಯ ಕೆಲಸ ಮಾಡುತ್ತಿರಬೇಕು.' ನೋಡೋಕೆ ಚೆನ್ನಾಗಿತ್ತು, ಯಾರೂ ತಕರಾರು ಮಾಡಲಿಲ್ಲ.

ಜುಲೈನಲ್ಲಿ ಎಸ್‌ಎಂಪಿಎಸ್ ಸುಟ್ಟುಹೋಯ್ತು. ಪಿಎಲ್‌ಸಿಗೆ 24 ವೋಲ್ಟ್ ಕೊಡುವ ಸಣ್ಣ ಡಬ್ಬಿ ಅದು. ಜಡಿಮಳೆ, ರಸ್ತೆ ಮೇಲೆ ಮರ, ಒಂದು ಕಡೆ ಧರೆ ಬೇರೆ ಕುಸಿದಿತ್ತು. ಬೆಂಗಳೂರಿನಿಂದ ಸರ್ವಿಸ್ ಹುಡುಗ ಬಂದು ಮುಟ್ಟುವಷ್ಟರಲ್ಲಿ ಮೂರು ದಿನ. ಕೇಳಿದರೆ ಸಪ್ಲೈಯರ್, 'ನಮ್ಮ ಪಿಎಲ್‌ಸಿಗೆ ಏನೂ ಆಗಿಲ್ಲವಲ್ಲ, ಅದು 99.9 ಇದೆ' ಅಂದರು. ಅವರು ಹೇಳಿದ್ದೂ ಸುಳ್ಳಲ್ಲ, 'ಸಿಸ್ಟಮ್' ಅಂದರೆ ಏನೇನು ಸೇರುತ್ತೆ ಅಂತ ನಾನು ಬರೆದೇ ಇರಲಿಲ್ಲ.

ಆಮೇಲೆ ಪೆನ್ನು ಹಿಡಿದು ಕೂತೆ. 99.9 ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ನಿಂತರೂ ಪರವಾಗಿಲ್ಲ ಅಂತ. ಆದರೆ ಸೆನ್ಸರ್, ಕೇಬಲ್, ಎಸ್‌ಎಂಪಿಎಸ್, ಪಿಎಲ್‌ಸಿ, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ದೊಡ್ಡ ಸ್ವಿಚ್), ಈ ಐದರಲ್ಲಿ ಯಾವುದು ಕೈಕೊಟ್ಟರೂ ಪಂಪು ನಿಲ್ಲುತ್ತದೆ, ಒಂದೊಂದೂ 99.9 ಇದ್ದರೂ ಒಟ್ಟಿಗೆ 99.5 ಆಗುತ್ತದೆ, ಅಂದರೆ ವರ್ಷಕ್ಕೆ 44 ಗಂಟೆ. ಕ್ಯಾಟಲಾಗಿನ ಎಂಟಿಬಿಎಫ್ (ಒಂದು ಸಲ ಕೆಟ್ಟು ಮತ್ತೆ ಕೆಡುವವರೆಗಿನ ಸರಾಸರಿ ಸಮಯ) 50 ವರ್ಷ ಅನ್ನೋದೂ ಇಂಥದ್ದೇ. ಆ ಡಬ್ಬಿ 50 ವರ್ಷ ಬಾಳುತ್ತೆ ಅಂತಲ್ಲ, ಅಂಥ ನೂರು ಡಬ್ಬಿ ಇಟ್ಟುಕೊಂಡರೆ ವರ್ಷಕ್ಕೆ ಸರಾಸರಿ ಎರಡು ಹೋಗುತ್ತವೆ ಅಂತ.

ನನ್ನ ಕಣ್ಣು ತೆರೆಸಿದ್ದು ಮಾತ್ರ ಈ ಲೆಕ್ಕ ಅಲ್ಲ, ಅಲ್ಲಿನ ನೀರುಗಂಟಿ. 'ಸಾರ್, ಪಂಪು ಶುರು ಆಗ್ಲಿಲ್ಲ ಅಂದ್ರೆ ಜನ ನನಗೆ ಬೈತಾರೆ, ಅಷ್ಟೇ. ನಿಲ್ಲಲಿಲ್ಲ ಅಂದ್ರೆ ಮೋಟಾರೇ ಹೋಗುತ್ತಲ್ಲ?' ಅಂದರು. ಹಳೇ ಪ್ಯಾನೆಲ್ ತೆಗೆದು ತೋರಿಸಿದರು. ಕಾಂಟ್ಯಾಕ್ಟರ್ ಒಳಗೆ ಹಲ್ಲಿಯೊಂದು ಸೀದು ಕರಕಲಾಗಿತ್ತು, ಅದರ ಪಕ್ಕದಲ್ಲೇ ಎರಡು ಕಾಂಟ್ಯಾಕ್ಟು ಬೆಸೆದು ಅಂಟಿಕೊಂಡಿದ್ದವು. ಪಿಎಲ್‌ಸಿ ಆಫ್ ಅಂದಿದೆ, ಪ್ಯಾನೆಲ್ ಮೇಲಿನ ದೀಪವೂ ಆರಿದೆ, ಪಂಪು ಮಾತ್ರ ಓಡ್ತಾನೇ ಇತ್ತಂತೆ, ಕಸ ಕಟ್ಟಿ ಜಾಕ್‌ವೆಲ್ ಬರಿದಾದ ಮೇಲೂ. ಇಂಥ ಕಡೆ ಎಷ್ಟು ದುಬಾರಿ ಪಿಎಲ್‌ಸಿ ತಂದರೂ ಏನು ಬಂತು?

ಹಾಗಾಗಿ ಎರಡನ್ನೂ ಬೇರೆ ಬೇರೆ ಬರೆದೆ. ನೀರು ಕೊಡುವ ವಿಷಯಕ್ಕೆ ಶೇಕಡಾ ಲೆಕ್ಕವನ್ನೇ ಕಿತ್ತುಹಾಕಿದೆ. ಟ್ಯಾಂಕಿನಲ್ಲಿ ಅರ್ಧ ದಿನದ ನೀರು ಇರುತ್ತದೆ, ಆದ್ದರಿಂದ 'ಒಂದೇ ಸಲಕ್ಕೆ 6 ಗಂಟೆಗಿಂತ ಜಾಸ್ತಿ ನಿಲ್ಲಬಾರದು, ಮಳೆಗಾಲದಲ್ಲೂ' ಅಂತ ಹಾಕಿದೆ. ಗಂಟೆ ಎಣಿಸೋದು ಪಂಪು ನಿಂತ ಹೊತ್ತಿನಿಂದ, ಸರ್ವಿಸ್ ಹುಡುಗ ಬಂದು ಇಳಿದಾಗಿನಿಂದ ಅಲ್ಲ. ಇಷ್ಟು ಬರೆದ ಮೇಲೆ ಉಳಿದದ್ದು ತಾನಾಗೇ ಬಂತು: ಒಂದು ಎಸ್‌ಎಂಪಿಎಸ್, ಪ್ರೋಗ್ರಾಂ ತುಂಬಿದ ಒಂದು ಪಿಎಲ್‌ಸಿ, ಎರಡು ಕಾಂಟ್ಯಾಕ್ಟರ್ ಪಂಪ್‌ಹೌಸಿನ ಬೀರುವಿನಲ್ಲೇ ಇರಬೇಕು, ಊರಿನ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಿಡಿದು ಬದಲಾಯಿಸುವಂತಿರಬೇಕು.

ನಿಲ್ಲಿಸುವ ವಿಷಯಕ್ಕೆ: 'ನೀರು ತಳ ಕಂಡಾಗ, ಯಾವುದೇ ಒಂದು ಭಾಗ ಕೆಟ್ಟಿದ್ದರೂ ಪಂಪು ನಿಲ್ಲಲೇಬೇಕು.' ಅದಕ್ಕಾಗಿ ಪಿಎಲ್‌ಸಿಯನ್ನು ಮುಟ್ಟದ ಇನ್ನೊಂದು ಫ್ಲೋಟ್ (ನೀರಿನಲ್ಲಿ ತೇಲುತ್ತಾ ಮಟ್ಟ ತಿಳಿಸುವ ಸ್ವಿಚ್), ಅದರದ್ದೇ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸಣ್ಣ ಸ್ವಿಚ್), ಅದು ಕಾಂಟ್ಯಾಕ್ಟರಿಗೂ ಮೊದಲು ಇರುವ ಬ್ರೇಕರನ್ನೇ ನೇರ ಬೀಳಿಸುತ್ತದೆ. ಇದು ಸುಮ್ನೆ ಕೂತಿರುವ ಸಾಮಾನು, ಕೆಟ್ಟರೂ ಗೊತ್ತಾಗಲ್ಲ. 20 ವರ್ಷಕ್ಕೊಮ್ಮೆ ಕೆಡುತ್ತೆ ಅಂತಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿದರೆ, ಕೆಟ್ಟದ್ದು ಸರಾಸರಿ ಆರು ತಿಂಗಳು ಗೊತ್ತಾಗದೆ ಉಳಿಯುತ್ತೆ, ಹಾಗಾಗಿ ಬೇಕಾದಾಗ ಅದು ಕೈಕೊಡುವ ಸಂಭವ ಸುಮಾರು ಶೇ. 2.5. ಮೂರು ತಿಂಗಳಿಗೊಮ್ಮೆ ಮಾಡಿದರೆ ಶೇ. 0.6ರ ಆಸುಪಾಸು. ಹೆಚ್ಚಿನ ದುಡ್ಡೇನೂ ಬೇಡ, ನೀರುಗಂಟಿ ಹಗ್ಗ ಹಿಡಿದು ಫ್ಲೋಟನ್ನು ನೀರಿನಿಂದ ಮೇಲೆತ್ತಿದರೆ ಆಯ್ತು. ಅದನ್ನೂ ಕಾಗದದಲ್ಲಿ ಬರೆದೆ, ರಿಜಿಸ್ಟರ್ ಸಮೇತ.

ಮೂರನೇ ಪರೀಕ್ಷೆಯಲ್ಲಿ ಪಂಪು ನಿಲ್ಲಲಿಲ್ಲ. ರಿಲೇ ಬಿಚ್ಚಿ ನೋಡಿದರೆ ಒಳಗೆ ಇರುವೆ ಗೂಡು. ಪ್ಯಾನೆಲ್ ತಳದಲ್ಲಿ ಕೇಬಲ್ ಬರುವ ತೂತಿಗೆ ಗ್ಲ್ಯಾಂಡ್ (ಕೇಬಲ್ ಸುತ್ತಲಿನ ಸಂದು ಮುಚ್ಚುವ ಬಿರಡೆ) ಹಾಕದೆ ಹಾಗೇ ಬಿಟ್ಟಿದ್ದರು. ಈಗ ನನ್ನ ಟೆಂಡರಿನಲ್ಲಿ ತೂತಿಗೂ ಒಂದು ಸಾಲು ಇದೆ.