ಸ್ತನದ ಗಂಟಿನ ಎಡಿಸಿ: ನಾನು ಅಳೆಯುವ ರೀತಿ

ಎಡಿಸಿ ಅಂದರೆ ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಅಂತ ಎಂಆರ್‌ಐ ಹೇಳುವ ಅಂಕಿ. ಅದು ಇಷ್ಟು ಬಂತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಅಳೆಯುವ ಜಾಗ ಗುರುತಿಸುವ ವೃತ್ತ ಎಲ್ಲಿ ಹಾಕಿದಿರಿ ಅಂತ. ಪುಣೆಯಲ್ಲಿ ರೇಡಿಯಾಲಜಿಸ್ಟ್ ಆಗಿ ಸ್ತನದ ಎಂಆರ್‌ಐ ನೋಡುವುದು ನನ್ನ ಕೆಲಸ. ಅದೇ ಸ್ಕ್ಯಾನು, ಅದೇ ಗಂಟು. ವೃತ್ತ ಸ್ವಲ್ಪ ಸರಿದರೂ 0.9 ಇದ್ದದ್ದು 1.4 (×10⁻³ ಮಿ.ಮೀ²/ಸೆಕೆಂಡ್) ಆಗಬಹುದು.

ಅಳತೆ ಶುರುವಾಗುವುದೇ ಟೇಬಲ್ ಮೇಲೆ. ಬೋರಲು ಮಲಗಬೇಕು, ಅಲುಗಾಡಬಾರದು. ಸೊಲ್ಲಾಪುರ, ವಿಜಯಪುರ ಕಡೆಯಿಂದ ಬರುವ ಹೆಂಗಸರು ಹೆದರಿ ಮೈ ಬಿಗಿ ಹಿಡಿದಿರುತ್ತಾರೆ. "ಅಕ್ಕಾರ, ಸಪ್ಪಳ ಜೋರ್ ಬರ್ತದ, ಅಂಜಬ್ಯಾಡ್ರಿ, ಉಸರು ಹಗೂರ ತಗೋರಿ" ಅಂದರೆ ಸಡಿಲವಾಗುತ್ತಾರೆ. ನಾವು ಹಿಡಿಯಹೊರಟಿರುವುದು ನೀರಿನ ಕಣಗಳ ಓಡಾಟವನ್ನು, ಹಾಗಾಗಿ ಮೈ ಅಲುಗಿದರೆ ಚಿತ್ರವೇ ಕೆಡುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಜೀವಕೋಶಗಳು ಒತ್ತೊತ್ತಾಗಿರುತ್ತವೆ. ಗಣಪತಿ ವಿಸರ್ಜನೆ ದಿನ ಲಕ್ಷ್ಮಿ ರಸ್ತೆಯಲ್ಲಿ ಸಿಕ್ಕಿಕೊಂಡವರ ಹಾಗೆ ನೀರಿಗೆ ಕದಲಲು ಜಾಗ ಇರುವುದಿಲ್ಲ, ಎಡಿಸಿ ಇಳಿಯುತ್ತದೆ.

ನೀರಿನ ಈ ಓಡಾಟ ಹಿಡಿಯುವ ಡಿಫ್ಯೂಷನ್ ಚಿತ್ರಗಳನ್ನು, ಗಂಟು ಎದ್ದು ಕಾಣಲೆಂದು ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಔಷಧ ಕೊಡುವ ಮೊದಲೇ ತೆಗೆಯುತ್ತೇವೆ. ಬಿ-ವ್ಯಾಲ್ಯೂ, ಅಂದರೆ ಸ್ಕ್ಯಾನು ನೀರಿನ ಓಡಾಟಕ್ಕೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಸೆಟ್ಟಿಂಗ್, 50 ಮತ್ತು 800. ಯುರೋಪಿನ ಸ್ತನ ಚಿತ್ರಣ ತಜ್ಞರ ಸಂಘ ಯೂಸೋಬಿ 2020ರಲ್ಲಿ ಪ್ರಕಟಿಸಿದ ಒಮ್ಮತದಲ್ಲೂ ಹೆಚ್ಚಿನ ಬಿ-ವ್ಯಾಲ್ಯೂಗೆ ಹೇಳಿರುವುದು 800. ಕೊಬ್ಬಿನ ಸಿಗ್ನಲ್ ಪೂರ್ತಿ ಅಡಗಿದೆಯೇ ಅಂತ ಆಗಲೇ ನೋಡಿಬಿಡುತ್ತೇನೆ. ಉಳಿದುಕೊಂಡರೆ ಎಡಿಸಿ ಸುಮ್ನೆ ಕೆಳಗೆ ಬೀಳುತ್ತದೆ.

ಆಮೇಲೆ ಬಿ-800 ಚಿತ್ರ, ಎಡಿಸಿ ಮ್ಯಾಪ್ (ಎಡಿಸಿ ಕಡಿಮೆ ಇದ್ದಷ್ಟೂ ಕಪ್ಪು), ಕಾಂಟ್ರಾಸ್ಟ್ ನಂತರದ ಚಿತ್ರ, ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಬಿ-800ರಲ್ಲಿ ಬೆಳ್ಳಗೆ, ಮ್ಯಾಪ್‌ನಲ್ಲಿ ಕಪ್ಪಗೆ ಕಂಡರೆ ಅನುಮಾನ ಜಾಸ್ತಿ. ಎರಡರಲ್ಲೂ ಬೆಳ್ಳಗಿದ್ದರೆ ಅದು ಟಿ2 ಹೊಳಪು, ನೀರು ತುಂಬಿದ ಸಿಸ್ಟ್‌ನಲ್ಲಿ ಕಾಣುವಂಥದ್ದು. ಕಾಂಟ್ರಾಸ್ಟ್ ಹಿಡಿದ ಭಾಗದಲ್ಲೇ, ಮ್ಯಾಪ್‌ನಲ್ಲಿ ಅತಿ ಕಪ್ಪಗಿರುವ ಜಾಗಕ್ಕೆ ಪುಟ್ಟ ವೃತ್ತ ಹಾಕುತ್ತೇನೆ. ಕನಿಷ್ಠ ಮೂರು ಪಿಕ್ಸೆಲ್ ಒಳಗೆ ಬರಬೇಕು, ಸತ್ತ ಅಂಗಾಂಶ, ರಕ್ತ, ಕೊಬ್ಬು, ಹಳೆಯ ಬಯಾಪ್ಸಿಯಲ್ಲಿ ಗುರುತಿಗೆ ಇಟ್ಟ ಕ್ಲಿಪ್ ಇವು ಯಾವುದೂ ತಾಗಬಾರದು. ಇಡೀ ಗಂಟಿನ ಸುತ್ತ ಗೆರೆ ಎಳೆದರೆ ಒಳ್ಳೆಯದೂ ಕೆಟ್ಟದ್ದೂ ಬೆರೆತು ಸರಾಸರಿ ಮೇಲೇರುತ್ತದೆ, ಹಾಗಾಗಿ ನಾನು ಎಳೆಯುವುದಿಲ್ಲ.

ಗಡಿ ಎಷ್ಟು ಅಂತ ಕಿರಿಯರು ಕೇಳುತ್ತಾರೆ. ಅಮೆರಿಕದ ಎಕ್ರಿನ್ 6702 ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. 1.53ರ ಗಡಿ ಇಟ್ಟು ಅದಕ್ಕಿಂತ ಮೇಲಿದ್ದ ಗಂಟುಗಳನ್ನು ಬಿಟ್ಟಿದ್ದರೆ ಒಂದು ಕ್ಯಾನ್ಸರೂ ತಪ್ಪದೆ ಶೇ. 21ರಷ್ಟು ಬಯಾಪ್ಸಿ ಕಡಿಮೆ ಮಾಡಬಹುದಿತ್ತು ಅನ್ನುತ್ತದೆ ಅದು. ಸೂಜಿಗೆ ಹೆದರಿ ನಿದ್ದೆಗೆಡುವವರನ್ನು ದಿನಾ ನೋಡುವ ನನಗೆ ಇದು ದೊಡ್ಡ ವಿಷಯ. ಆದರೂ ಬರೀ ಅಂಕಿ ನಂಬಿ ಯಾರನ್ನೂ ಮನೆಗೆ ಕಳಿಸುವುದಿಲ್ಲ. ಮ್ಯೂಸಿನಸ್ ಕ್ಯಾನ್ಸರ್‌ನಲ್ಲಿ ಲೋಳೆ ತುಂಬಿರುವುದರಿಂದ ಎಡಿಸಿ ಮೇಲೆಯೇ ಇರುತ್ತದೆ. ಕೀವು ಕಟ್ಟಿದ ಜಾಗ, ಸ್ತನದೊಳಗಿನ ಲಿಂಫ್ ಗ್ರಂಥಿ ಕ್ಯಾನ್ಸರ್ ಇಲ್ಲದೆಯೂ ಕೆಳಗೆ ತೋರಿಸುತ್ತವೆ. ಗಂಟಿನ ಅಂಚು ಒರಟಾಗಿದ್ದರೆ ಎಡಿಸಿ 1.9 ಬಂದರೂ ಬಯಾಪ್ಸಿ ಬೇಕು ಅಂತಲೇ ಬರೆಯುತ್ತೇನೆ.

ರಿಪೋರ್ಟಿನಲ್ಲಿ ಎಡಿಸಿ ಜೊತೆಗೆ ಬಿ-ವ್ಯಾಲ್ಯೂ, ಸ್ಲೈಸ್ ನಂಬರ್ ಎರಡನ್ನೂ ಹಾಕಿ, ವೃತ್ತ ಇರುವ ಚಿತ್ರವನ್ನೂ ಉಳಿಸಿಡುತ್ತೇನೆ. ಕೀಮೋ ಆದಮೇಲೆ ಮತ್ತೆ ಅಳೆಯುವವರಿಗೆ ನಾನು ಎಲ್ಲಿ ಅಳೆದಿದ್ದೆ ಅಂತ ಗೊತ್ತಾಗಬೇಕಲ್ವಾ.